ಪ್ಲೊವ್ದಿವ್‌ನಿಂದ ಒಂದು ದಿನ: ಸ್ಟಾರೊಸೆಲ್–ಹಿಸಾರ್ಯಾವೋ, ಕಜನ್ಲಕ್–ಪಾವೆಲ್ ಬಾನ್ಯಾವೋ?

ಬಲ್ಗೇರಿಯಾದ ಪ್ಲೊವ್ದಿವ್‌ನಲ್ಲಿ ಉಳಿದುಕೊಂಡವರು ಬೆಳಿಗ್ಗೆ ಥ್ರೇಸಿಯನ್ನರೆಂಬ ಪ್ರಾಚೀನ ಜನಾಂಗದವರು ಕಟ್ಟಡದ ಮೇಲೆ ಮಣ್ಣು ಪೇರಿಸಿ ಮಾಡಿದ ದಿಬ್ಬ ನೋಡಿ, ಮಧ್ಯಾಹ್ನ ಬಿಸಿನೀರಿಗಿಳಿದು, ರಾತ್ರಿಯೊಳಗೆ ವಾಪಸ್ಸಾಗಬಹುದಾದ ದಾರಿಗಳು ಎರಡಿವೆ. ಎರಡನ್ನೂ ಬಾಡಿಗೆ ಕಾರಿನಲ್ಲಿ ಸುತ್ತಿದ್ದೇನೆ. ನನ್ನ ಮತ ಹಿಸಾರ್ಯಾ ಕಡೆಗೆ. ಹಾಗೆಂದು ಅಲ್ಲಿನ ಪ್ರಾಚೀನ ಅವಶೇಷಗಳು ಹೆಚ್ಚು ದೊಡ್ಡವು ಅಂತಲ್ಲ.

ಅವಶೇಷಗಳ ಮಟ್ಟಿಗೆ ಕಜನ್ಲಕ್ಕೇ ಮೇಲು. 1944ರಲ್ಲಿ ಸಿಕ್ಕಿದ, 1979ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಸಮಾಧಿ ಅಲ್ಲಿದೆ. ಗುಮ್ಮಟದ ಒಳಮೈಯಲ್ಲಿ ಓಡುವ ರಥಗಳು, ಔತಣದ ಮೇಜಿನ ಮುಂದೆ ಕೂತ ದಂಪತಿ. ಗಂಡ ಹೆಂಡತಿಯ ಕೈ ಹಿಡಿದಿರುವ ಬಗೆ ನೋಡಿದರೆ ಕ್ರಿಸ್ತಪೂರ್ವ ನಾಲ್ಕನೇ ಶತಮಾನ ಅಷ್ಟೇನೂ ದೂರ ಅನ್ನಿಸುವುದಿಲ್ಲ. ಆದರೆ ಚಿತ್ರಗಳು ಹಾಳಾಗಬಾರದೆಂದು ಮೂಲ ಸಮಾಧಿಯನ್ನು ಮುಚ್ಚಿಟ್ಟಿದ್ದಾರೆ. ನಮ್ಮಂಥ ಸಾಮಾನ್ಯ ಪ್ರವಾಸಿಗರು ಪಕ್ಕದ ಪ್ರತಿಕೃತಿ ನೋಡಬೇಕು. ಪ್ರತಿಕೃತಿ ಚೆನ್ನಾಗಿದೆ, ನಿಜ. ಆದರೂ ಟಿಕೆಟ್ ಕೊಂಡು ನಕಲು ನೋಡುವುದು ನನಗೇಕೋ ಒಗ್ಗಲಿಲ್ಲ. ಆ ಕೊರತೆ ನೀಗುವುದು ಶಿಪ್ಕಾ ಕಡೆಗಿರುವ ಗೊಲ್ಯಾಮಾ ಕೊಸ್ಮಾತ್ಕಾ ದಿಬ್ಬದಲ್ಲಿ. ಅದು ಥ್ರೇಸಿಯನ್ ರಾಜ ಮೂರನೇ ಸೆವ್ಥೆಸ್‌ನ ಸಮಾಧಿ. 2004ರಲ್ಲಿ ಪುರಾತತ್ವಜ್ಞ ಗೆಯೋರ್ಗಿ ಕಿತೊವ್ ಅಗೆದು ತೆರೆದದ್ದು. ಅಮೃತಶಿಲೆಯ ಬಾಗಿಲು ದಾಟಿ ಒಳಗೊಳಗೆ ಹೋದ ಹಾಗೆ ಕೊನೆಗೆ ಸಿಗುವ ಕೋಣೆಯನ್ನು ಒಂದೇ ಬಂಡೆಯಲ್ಲಿ ಕೊರೆದಿದ್ದಾರೆ. ಅಲ್ಲಿ ಸಿಕ್ಕ ರಾಜನ ಕಂಚಿನ ತಲೆ ನೋಡಬೇಕೆಂದರೆ ಮಾತ್ರ ಸೋಫಿಯಾಕ್ಕೇ ಹೋಗಬೇಕು.

ಇಷ್ಟಾಗುವಾಗ ಮಧ್ಯಾಹ್ನ ಜಾರಿರುತ್ತದೆ. ಪ್ಲೊವ್ದಿವ್‌ನಿಂದ ಕಜನ್ಲಕ್ಕೇ ನೂರು ಕಿಲೋಮೀಟರಿಗೂ ಹೆಚ್ಚು. ಪಾವೆಲ್ ಬಾನ್ಯಾ ಅಲ್ಲಿಂದ ಪಶ್ಚಿಮಕ್ಕೆ, ಥ್ರೇಸಿಯನ್ ನಗರ ಸೆವ್ಥೊಪೊಲಿಸನ್ನು ಮುಳುಗಿಸಿಕೊಂಡಿರುವ ಕೊಪ್ರಿಂಕಾ ಜಲಾಶಯದ ಆಚೆ. ನೀರು ಐವತ್ತು ಡಿಗ್ರಿ ದಾಟುತ್ತದೆ. ಆದರೆ ಅದು ಕೀಲು-ಮೂಳೆ ನೋವಿನವರು ವಾರಗಟ್ಟಲೆ ತಂಗಿ ಚಿಕಿತ್ಸೆ ಪಡೆಯುವ ಊರು. ಸಂಜೆ ಹೊತ್ತಿಗೆ ಹೋಗಿ ಹೋಟೆಲಿನ ಕೊಳದಲ್ಲಿ ಒಂದು ಗಳಿಗೆ ಕೂತು ಎದ್ದು ಬಂದರೆ ಹೋಗಿಬಂದ ಶಾಸ್ತ್ರವಾದೀತು, ಅಷ್ಟೆ.

ಹಿಸಾರ್ಯಾ ಕಡೆ ಇಂಥ ಓಟವಿಲ್ಲ. ಪ್ಲೊವ್ದಿವ್‌ನಿಂದ ಸುಮಾರು ನಲವತ್ತು ಕಿಲೋಮೀಟರ್, ಅಲ್ಲಿಂದ ಪಶ್ಚಿಮಕ್ಕೆ ಅದರರ್ಧ ಹೋದರೆ ಸ್ಟಾರೊಸೆಲ್. ಅಲ್ಲಿನ ಚೆತಿನ್ಯೊವಾ ದಿಬ್ಬವನ್ನು 2000ದಲ್ಲಿ ಅಗೆದವರೂ ಕಿತೊವ್ ಅವರೇ. ದಿಬ್ಬವನ್ನು ಸುತ್ತುವರಿದ ಕಲ್ಲಿನ ಗೋಡೆ 241 ಮೀಟರ್. ಅಗಲವಾದ ಮೆಟ್ಟಿಲು ಹತ್ತಿ, ದಾರಿಕೋಣೆ ದಾಟಿದರೆ ಅರ್ಧಗಂಬಗಳು ಸಾಲಾಗಿ ನಿಂತ ದುಂಡು ಕೋಣೆ. ಬಣ್ಣದ ರಥಗಳಿಲ್ಲ, ಆದರೆ ಕಾಲ ಕೆಳಗಿರುವುದು ಅಸಲಿ ಕಲ್ಲು. ಅದು ದೇವಾಲಯವೋ, ರಾಜಸಮಾಧಿಯೋ ಎಂಬ ವಾದ ಇನ್ನೂ ಮುಗಿದಿಲ್ಲ. ಊರಲ್ಲಿ ವೈನ್ ತಯಾರಿಸುವವರಿದ್ದಾರೆ; ಕಾರು ಓಡಿಸುವವರು ಬಾಟಲಿ ಕಟ್ಟಿಸಿಕೊಂಡು ಬರುವುದೇ ಕ್ಷೇಮ.

ಮಧ್ಯಾಹ್ನದ ಊಟಕ್ಕೆ ಹಿಸಾರ್ಯಾಕ್ಕೆ ಮರಳಿದರೆ ಅರ್ಧ ದಿನ ಕೈಯಲ್ಲಿರುತ್ತದೆ. ರೋಮನ್ನರ ದಿಯೊಕ್ಲೆತಿಯಾನೊಪೊಲಿಸ್ ಇದೇ. ಆ ಕಾಲದ ಕೋಟೆಗೋಡೆ ಊರ ನಡುವೆ ಇವತ್ತಿಗೂ ನಿಂತಿದೆ. 'ಒಂಟೆಗಳು' ಎಂದು ಕರೆಯುವ ದಕ್ಷಿಣದ ಬಾಗಿಲಿನ ಎತ್ತರ 13 ಮೀಟರ್. ಉದ್ಯಾನಗಳಲ್ಲಿ ನಲ್ಲಿ ಬಿಟ್ಟರೆ ಖನಿಜಜಲ, ದುಡ್ಡಿಲ್ಲದೆ. ಮೂತ್ರಕೋಶದ ತೊಂದರೆಗೆ ಒಳ್ಳೆಯದೆಂದು ಜನ ದೊಡ್ಡ ದೊಡ್ಡ ಕ್ಯಾನು ಹಿಡಿದು ಬರುತ್ತಾರೆ. ರುಚಿ ಹಿತವಾಗಿಯೇ ಇದೆ, ಗಂಧಕದ ನಾತವಿಲ್ಲ. ಸ್ನಾನಕ್ಕೆ ಹೋಟೆಲುಗಳ ಕೊಳಗಳಿವೆ, ಹೊರಗಿನವರಿಗೂ ಪ್ರವೇಶವಿದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಕಾರಿಲ್ಲದವರಿಗೆ ಹಿಸಾರ್ಯಾವರೆಗೆ ಬಸ್ಸಿದೆ, ರೈಲೂ ಇದೆ. ಸ್ಟಾರೊಸೆಲ್‌ಗೆ ಟ್ಯಾಕ್ಸಿ ಮಾತಾಡಿಕೊಳ್ಳಬೇಕು. ಕಜನ್ಲಕ್‌ಗೆ ಹೋಗುವುದಾದರೆ ಬಿಸಿನೀರಿನ ಆಸೆ ಬಿಟ್ಟು, ಜೂನ್ ಮೊದಲ ವಾರದ ಗುಲಾಬಿ ಹಬ್ಬದ ಹೊತ್ತಿಗೆ ಹೋಗಿ, ಅಲ್ಲೇ ಒಂದು ರಾತ್ರಿ ಉಳಿಯಿರಿ.