ಎಳೆ ಅಡಗಿಸುವ ಮೂರು ಸೂಜಿಗಳು: ಕಸೂತಿಯ ಮೇಲೆ ಒಂದು ಪರೀಕ್ಷೆ

ಹೊಲಿಗೆಯ ಸಾಮಾನು ಮಾರುವ ಆನ್‌ಲೈನ್ ಅಂಗಡಿಯೊಂದರಿಂದ ಕಳೆದ ಮಳೆಗಾಲದಲ್ಲಿ ಮೂರು ಸೂಜಿಗಳ ಒಂದು ಸೆಟ್ಟನ್ನು ತರಿಸಿಕೊಂಡೆ. ಉಳಿದ ದಾರದ ತುದಿಗಳನ್ನು ಕಣ್ಣಿಗೆ ಕಾಣದಂತೆ ಮಾಡುವ ಸಾಧನಗಳೆಂದು ಡಬ್ಬಿಯ ಮೇಲೆ ಅಚ್ಚಾಗಿತ್ತು. ಬೆಲೆ 250 ರೂಪಾಯಿ. ಒಳಗೆ ಇದ್ದದ್ದು ಬಾಲದ ಕಡೆ ಅರದಂತೆ ಒರಟಾಗಿರುವ ಒಂದು ಸೂಜಿ, ಕಣ್ಣಿನ ತಲೆಯಲ್ಲಿ ಸೀಳು ಇರುವ ಇನ್ನೊಂದು ಸೂಜಿ ಮತ್ತು ಮಡಚುವ ನಾಲಗೆಯುಳ್ಳ ಒಂದು ಸಣ್ಣ ಕೊಕ್ಕೆ. ಆರು ತಿಂಗಳ ಕಾಲ ಕಸೂತಿಗೂ ಮ್ಯಾಟಿ ಬಟ್ಟೆಯ ಕ್ರಾಸ್ ಸ್ಟಿಚ್‌ಗೂ ಮನೆಯವರ ಸ್ವೆಟರುಗಳಿಗೂ ಬಳಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಸಾಧನಗಳ ಗುಣಾವಗುಣ ಹೇಳುವ ಮೊದಲು ಅವುಗಳಿಗೆ ನಾನು ಒಡ್ಡಿದ ಪರೀಕ್ಷೆ ಎಂಥದೆಂಬುದನ್ನು ಹೇಳಬೇಕು. ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆಗಳಿವೆ. ಇವುಗಳಲ್ಲಿ ಗವಂತಿ ಮತ್ತು ಮುರಗಿ ಬಟ್ಟೆಯ ಎರಡೂ ಬದಿಗೆ ಒಂದೇ ರೀತಿ ಕಾಣಬೇಕು. ಹೋಗುವಾಗ ಒಂದು ಬಿಟ್ಟು ಒಂದರಂತೆ ಹಾಕಿದ ಹೊಲಿಗೆಯ ಖಾಲಿ ಜಾಗಗಳನ್ನು ಅದೇ ದಾರಿಯಲ್ಲಿ ಮರಳುವಾಗ ತುಂಬುತ್ತ ಬಂದರೆ ಗೋಪುರವೋ ತೇರೋ ತುಳಸಿಕಟ್ಟೆಯೋ ಎರಡೂ ಕಡೆ ಮೂಡುತ್ತದೆ. 1543ರಲ್ಲಿ ತೀರಿಕೊಂಡ ಚಿತ್ರಕಾರ ಹಾನ್ಸ್ ಹೋಲ್ಬೈನ್ ಬಿಡಿಸಿದ ಭಾವಚಿತ್ರಗಳ ಕೊರಳಪಟ್ಟಿ, ತೋಳಿನ ತುದಿಗಳಲ್ಲಿ ಇದೇ ಬಗೆಯ ಹೊಲಿಗೆ ಕಾಣುವುದರಿಂದ ಯುರೋಪಿನವರು ಇದನ್ನು ಹೋಲ್ಬೈನ್ ಹೊಲಿಗೆ ಎನ್ನುತ್ತಾರೆ. ಗವಂತಿ ಎಂಬ ಹೆಸರು ‘ಗಂಟು’ ಎಂಬ ಮಾತಿನಿಂದ ಬಂತೆಂದು ಹೇಳುವ ವಾಡಿಕೆ ಇದೆಯಾದರೂ, ವಿಚಿತ್ರವೆಂದರೆ, ಅದರಲ್ಲಿ ಗಂಟು ಹಾಕುವಂತಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಚಂದ್ರಕಾಳಿ ಎಂಬ ಕಪ್ಪು ಸೀರೆಯ ಸೆರಗಿಗೆ ಬಿಳಿ ದಾರದಲ್ಲಿ ಮುರಗಿ ತುಂಬಿ ಅತ್ತೆಯವರಿಗೆ ತೋರಿಸಿದಾಗ ಅವರು ಮುಂಬದಿಯನ್ನು ನೋಡಲೇ ಇಲ್ಲ. “ಬೆನ್ನ ತೋರ್ಸವಾ, ಮುಖ ಯಾರರೆ ಚಂದ ಮಾಡ್ತಾರ” ಎಂದು ಸೆರಗನ್ನು ಮಗುಚಿ, ಹೆಬ್ಬೆರಳಿನಿಂದ ಸವರುತ್ತ ಹೋಗಿ, ಎಲ್ಲಿ ಬೆರಳಿಗೆ ಉಬ್ಬು ತಾಗಿತೋ ಅಲ್ಲಿ ನಿಲ್ಲಿಸಿದರು. ಕಪ್ಪು ಸೀರೆಯ ಮೇಲೆ ಸಾಸಿವೆಯಷ್ಟು ಬಿಳಿ ತುದಿಯೂ ನುಸಿಯಂತೆ ಎದ್ದು ಕಾಣುತ್ತದೆ.

ಒರಟು ಬಾಲದ ಸೂಜಿಯ ಕೆಲಸ ಸರಳವಾದದ್ದು. ತುದಿ ಎದ್ದಿರುವ ಜಾಗದಲ್ಲೇ ಸೂಜಿಯನ್ನು ಚುಚ್ಚಿ ಹಿಂಬದಿಯಿಂದ ಪೂರ್ತಿ ಎಳೆದರೆ, ಅದರ ಒರಟು ಭಾಗ ಎದ್ದ ಎಳೆಯನ್ನು ಅಂಟಿಸಿಕೊಂಡು ತನ್ನೊಂದಿಗೆ ಹಿಂದಕ್ಕೆ ಒಯ್ಯುತ್ತದೆ. ಪೋಣಿಸುವ ಕೆಲಸವಿಲ್ಲ, ಕತ್ತರಿ ಬೇಕಿಲ್ಲ. ಕಿಟಕಿಯ ಮೊಳೆಗೆ ಸಿಕ್ಕಿ ಎಳೆ ಎದ್ದಿದ್ದ ಸ್ವೆಟರಿನ ಮೇಲೆ ಪ್ರಯೋಗಿಸಿದಾಗ ಎರಡೇ ಚುಚ್ಚಿನಲ್ಲಿ ಗಾಯ ಮಾಯವಾಯಿತೆಂಬುದನ್ನು ಒಪ್ಪಿಕೊಳ್ಳಬೇಕು. ಬಳೆ ತಾಗಿ ಎಳೆ ಎದ್ದಿದ್ದ ಹತ್ತಿಯ ಸೀರೆಯೊಂದರ ಮೇಲೂ ಅದು ಚೆನ್ನಾಗಿಯೇ ದುಡಿಯಿತು. ಆದರೆ ಈ ಸೂಜಿಯನ್ನು ರೂಪಿಸಿದವರು ಪ್ರತಿ ಬಟ್ಟೆಗೂ ಯಾರೂ ನೋಡದ ಒಂದು ಬದಿ ಇರುತ್ತದೆ ಎಂದು ನಂಬಿ ರೂಪಿಸಿದ್ದಾರೆ. ಗವಂತಿಯಲ್ಲಿ ಹಿಂದಕ್ಕೆ ದಾಟಿಸಿದ ತುದಿ ಅಡಗಿದಂತಾಗುವುದಿಲ್ಲ, ಈ ಮುಖದಿಂದ ಆ ಮುಖಕ್ಕೆ ವರ್ಗವಾಗುತ್ತದೆ, ಅಷ್ಟೆ. ಮೆಂತೆಯ ಹೊಲಿಗೆಗೆ ಹಿಂಬದಿ ಬೇರೆಯೇ ಆಗಿರುವುದರಿಂದ ಅಲ್ಲಿ ಅಭ್ಯಂತರವಿಲ್ಲ. ರೇಷ್ಮೆಯ ದಾರದ ವಿಷಯದಲ್ಲಂತೂ ನನ್ನ ಸಲಹೆ ಸ್ಪಷ್ಟವಾದದ್ದು: ಹತ್ತಿರವೂ ತರಬೇಡಿ. ಸೆರಗಿನ ಮೂಲೆಯೊಂದರಲ್ಲಿ ನಾನು ಒಮ್ಮೆ ಎಳೆದುದಕ್ಕೆ ಪಕ್ಕದ ಎರಡು ಹೊಲಿಗೆಗಳ ರೇಷ್ಮೆ ನಯ ಕಳೆದುಕೊಂಡು ಹತ್ತಿಯ ಬತ್ತಿಯಂತೆ ಕೆದರಿತು. ಆ ಎರಡನ್ನು ಬಿಚ್ಚಿ ಮತ್ತೆ ಹಾಕಲು ಒಂದು ಮಧ್ಯಾಹ್ನ ಹೋಯಿತು.

ಸೀಳುಗಣ್ಣಿನ ಸೂಜಿಯಲ್ಲಿ ದಾರವನ್ನು ಮೇಲಿನಿಂದ ಒತ್ತಿದರೆ ಅದು ಸೀಳಿನ ಮೂಲಕ ಕಣ್ಣಿನೊಳಗೆ ಜಾರಿ ಕೂರುತ್ತದೆ. ಕಣ್ಣು ಮಂದವಾದವರಿಗೆ ಇದು ವರವೇ ಸರಿ. ಆದರೆ ಆರೆಳೆಯ ಹತ್ತಿ ದಾರದಿಂದ ಬಿಡಿಸಿದ ಎರಡು ಎಳೆಗಳನ್ನು ಅದರಲ್ಲಿ ಕೂರಿಸಿ ಇಡೀ ತೇರನ್ನು ಹೊಲಿಯಲು ಹೋದಾಗ ಸೀಳಿನ ಅಂಚು ದಾರವನ್ನು ಕೊರೆಯುತ್ತ ಬಂದು ಹತ್ತಿಪ್ಪತ್ತು ಹೊಲಿಗೆಗಳಲ್ಲಿ ಸವೆಯಿಸಿಬಿಟ್ಟಿತು. ಕೊನೆಯ ತುದಿಯನ್ನು ಒಳಸೇರಿಸುವುದಕ್ಕೆ ಮಾತ್ರ ಬಳಸಿದರೆ ದೂರು ಹೇಳುವ ಕಾರಣವಿಲ್ಲ. ನಾಲಗೆಯ ಕೊಕ್ಕೆಯ ಬಗ್ಗೆ ಹೆಚ್ಚು ಬರೆಯಲು ಇಲ್ಲ: ಉಣ್ಣೆಗೆ ಸರಿ, ಇಳಕಲ್ಲ ಸೀರೆಗೆ ಅತಿ ದಪ್ಪ. ಎಳೆ ಎಣಿಸಿ ಹೊಲಿಯುವ ಬಟ್ಟೆಯಲ್ಲಿ ಅದು ಹೊಕ್ಕ ಕಡೆ ನೇಯ್ಗೆಯ ಎಳೆಗಳು ಸರಿದು ತೂತು ಉಳಿಯುತ್ತದೆ.

ಆರು ತಿಂಗಳ ಈ ಪ್ರಯೋಗದಿಂದ ನನಗಾದ ನಿಜವಾದ ಲಾಭವೆಂದರೆ, ದುಡ್ಡಿಲ್ಲದ ಹಳೆಯ ಉಪಾಯಗಳನ್ನು ಇವುಗಳ ಪಕ್ಕದಲ್ಲಿಟ್ಟು ತೂಗಿ ನೋಡುವಂತಾದುದು. ತುದಿಯನ್ನು ಸೇರಿಸಲು ಸಾಮಾನ್ಯವಾಗಿ ಸೂಜಿಯ ಉದ್ದಕ್ಕಿಂತ ಹೆಚ್ಚು ದಾರ ಉಳಿದಿರಬೇಕು, ಆದರೆ ದಾರ ಉಳಿಸಲು ಹೋಗಿ ನಾವೆಲ್ಲ ಒಂದು ಅಂಗುಲಕ್ಕೆ ತಂದು ನಿಲ್ಲಿಸುತ್ತೇವೆ. ಅಂಥ ಹೊತ್ತಿನಲ್ಲಿ ಮೊದಲು ಬರಿಯ ಸೂಜಿಯನ್ನು ಹೊಲಿಗೆಗಳ ಅಡಿಯಲ್ಲಿ ತೂರಿಸಿ, ಕಣ್ಣು ಮಾತ್ರ ತುದಿಯ ಪಕ್ಕದಲ್ಲಿ ಹೊರಗೆ ಉಳಿಯುವಂತೆ ನಿಲ್ಲಿಸಿ, ಆಮೇಲೆ ದಾರವನ್ನು ಪೋಣಿಸಿ ಎಳೆಯಬಹುದು. ಸೀಳುಗಣ್ಣಿನ ಸೂಜಿ ಶೋಭಿಸುವುದು ಇಲ್ಲಿಯೇ. ತುದಿ ಅರ್ಧ ಅಂಗುಲಕ್ಕೂ ಕಡಿಮೆಯಿದ್ದರೆ ಕುಣಿಕೆಯ ಉಪಾಯವೇ ಗತಿ. ಹಳೆಯ ಸೀರೆಯ ಸೆರಗಿನಿಂದ ಒಂದು ಗೇಣು ರೇಷ್ಮೆ ಎಳೆಯನ್ನು ಬಿಡಿಸಿಕೊಂಡು, ಮಡಚಿ, ಅದರ ಎರಡೂ ತುದಿಗಳನ್ನು ಒಟ್ಟಿಗೆ ತೆಳುವಾದ ಸೂಜಿಗೆ ಪೋಣಿಸಿದರೆ ಹಿಂದೆ ಒಂದು ಕುಣಿಕೆ ಉಳಿಯುತ್ತದೆ. ಸೂಜಿಯನ್ನು ನಾಲ್ಕು ಹೊಲಿಗೆಗಳ ಅಡಿಯಲ್ಲಿ ದಾಟಿಸಿ, ಕುಣಿಕೆ ಇನ್ನೂ ಹೊರಗಿರುವಾಗಲೇ ಗಿಡ್ಡ ತುದಿಯನ್ನು ಅದರೊಳಗೆ ಸಿಕ್ಕಿಸಿ ಮೆಲ್ಲಗೆ ಎಳೆದರೆ ತುದಿ ಹೊಲಿಗೆಗಳ ಅಡಿಗೆ ಸೇರಿಕೊಳ್ಳುತ್ತದೆ. ನಮ್ಮ ಹಿರಿಯರು ಕಸೂತಿಯ ದಾರವನ್ನೇ ಸೆರಗಿನಿಂದ ಬಿಡಿಸಿಕೊಳ್ಳುತ್ತಿದ್ದರಾದ್ದರಿಂದ ಈ ಕುಣಿಕೆಗೆ ಬೇರೆ ಸಾಮಾನು ಹುಡುಕುವ ಅಗತ್ಯವೇ ಅವರಿಗೆ ಬಿದ್ದಿರಲಾರದು.

ಗವಂತಿಯಲ್ಲಾದರೆ ತುದಿಯನ್ನು ಹಿಂದಕ್ಕೆ ತಳ್ಳುವ ಬದಲು ದಾರಿಯಲ್ಲೇ ಹೂಳಬೇಕು. ಶುರುವಿನಲ್ಲಿ ಮೂರು ಅಂಗುಲ ದಾರವನ್ನು ಬಿಟ್ಟಿದ್ದು, ಮರಳಿ ಬಂದ ಮೇಲೆ ಆ ತುದಿಯನ್ನು ಅದೇ ತೂತುಗಳಲ್ಲಿ, ಇರುವ ಹೊಲಿಗೆಗಳ ಮೇಲೆಯೇ, ಮೇಲೆ ಕೆಳಗೆ ಮಾಡುತ್ತ ನಾಲ್ಕು ಹೊಲಿಗೆ ನಡೆಸಿ ಬಟ್ಟೆಗೆ ತಾಗಿಸಿ ಕತ್ತರಿಸಿದರೆ ಎರಡೂ ಮುಖ ಸ್ವಚ್ಛ. ಆ ನಾಲ್ಕು ಹೊಲಿಗೆಗಳು ಕೂದಲೆಳೆಯಷ್ಟು ದಪ್ಪವಾಗುತ್ತವೆ ಎಂಬುದು ನಿಜ. ಶುರುವಿನ ತುದಿಯೇ ಬೇಡವೆನ್ನುವವರು ಉದ್ದನೆಯ ದಾರದ ನಡುಭಾಗವನ್ನು ಮೊದಲ ತೂತಿನಲ್ಲಿ ನಿಲ್ಲಿಸಿ, ಒಂದು ಅರ್ಧದಿಂದ ಮೊದಲ ಸಾಲನ್ನೂ ಇನ್ನೊಂದು ಅರ್ಧದಿಂದ ಅದರ ಖಾಲಿ ಜಾಗಗಳನ್ನೂ ಹೊಲಿಯಬಹುದು. ಆಗ ಎರಡೂ ತುದಿಗಳು ಸಾಲಿನ ಕೊನೆಯಲ್ಲಿ ಕೂಡುತ್ತವೆ. ಹತ್ತಿಗೆ ನಾಲ್ಕು ಹೊಲಿಗೆಯ ಹೂಳು ಸಾಕು. ರೇಷ್ಮೆ ಜಾರುವುದರಿಂದ ಆರು ಹೊಲಿಗೆ ನಡೆಸಿ, ಕೊನೆಯ ಒಂದನ್ನು ತಿರುಗಿಸಿ ಹಿಂದಕ್ಕೆ ತರುವುದು ಒಳ್ಳೆಯದು. ನೇರವಾಗಿ ಬಿಟ್ಟ ರೇಷ್ಮೆಯ ತುದಿ ನನ್ನಲ್ಲಿ ಮೂರನೆಯ ಒಗೆತಕ್ಕೆ ಮತ್ತೆ ತಲೆ ಎತ್ತಿತು, ತಿರುಗಿಸಿದ್ದು ಇನ್ನೂ ಅಲುಗಿಲ್ಲ.

ಸೆಟ್ಟಿನ ಡಬ್ಬಿಯ ಬಗ್ಗೆಯೂ ಒಂದು ಮಾತು: ಮುಚ್ಚಳ ಎರಡನೆಯ ವಾರಕ್ಕೇ ಸಡಿಲವಾಗಿ ಒರಟು ಸೂಜಿ ಒಂದೆರಡು ಸಲ ಚೀಲದ ಅಸ್ತರಿಗೆ ಚುಚ್ಚಿಕೊಂಡಿತ್ತು. ಉಣ್ಣೆ ಹೆಣೆಯುವವರೂ ಮಕ್ಕಳ ಸ್ವೆಟರು ರಿಪೇರಿ ಮಾಡುವವರೂ ಒರಟು ಬಾಲದ ಸೂಜಿ ಬಿಡಿಯಾಗಿ ಸಿಕ್ಕರೆ ಅದನ್ನಷ್ಟೇ ಕೊಳ್ಳಲಿ. ಕ್ರಾಸ್ ಸ್ಟಿಚ್ ಮಾಡುವವರಿಗೆ ಸೀಳುಗಣ್ಣಿನದು ಸಾಕು. ನನ್ನ ಒರಟು ಸೂಜಿ ಈಗ ಉಣ್ಣೆಯ ಚೀಲದಲ್ಲಿದೆ, ಸೀಳುಗಣ್ಣಿನದನ್ನು ಅತ್ತೆಯವರು ತಮ್ಮ ಡಬ್ಬಿಗೆ ಹಾಕಿಕೊಂಡಿದ್ದಾರೆ, ಕಸೂತಿಯ ಸೂಜಿಗಳ ಜೊತೆಗೆ ನಾನು ಇಟ್ಟುಕೊಂಡಿರುವುದು ಆ ಒಂದು ಗೇಣು ರೇಷ್ಮೆಯ ಕುಣಿಕೆಯನ್ನು.