ಕ್ಲಚ್ ಪೆಡಲ್ ಕೆಳಗೇ ಉಳಿದರೆ ಮೊದಲು ಗೇರ್‌ಬಾಕ್ಸ್ ಅಡಿಯಲ್ಲಿ ಬೆರಳಾಡಿಸಿ

ಮಾವನ ಮನೆ ಹಿತ್ತಲಲ್ಲಿ ನಾಲ್ಕು ವರ್ಷ ನಿಂತಿದ್ದ ಫೋರ್ಡ್ ಐಕಾನ್ 1.6 ಪೆಟ್ರೋಲ್ ಗಾಡಿಯನ್ನು ಮೈಸೂರಿಗೆ ತಂದು ಭಾನುವಾರಗಳಲ್ಲಿ ರಿಪೇರಿ ಮಾಡುತ್ತಿದ್ದೇನೆ. ಕ್ಲಚ್ ಮತ್ತು ಡ್ರೈವ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಚಕ್ರ ತಿರುಗಿಸುವ ರಾಡ್) ವಿಷಯದಲ್ಲಿ ನನ್ನ ಎರಡು ತಿಂಗಳು ವ್ಯರ್ಥವಾಯಿತು. ಹಳೇ ಗಾಡಿ ಇಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ.

ಪೆಡಲ್ ತುಳಿದರೆ ಮೇಲೆ ಬರುತ್ತಿರಲಿಲ್ಲ. ನಾಲ್ಕೈದು ಸಲ ಪಂಪ್ ಮಾಡಿದರೆ ಗೇರ್ ಬೀಳೋದು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಅದೇ ಪಾಡು. ಪರಿಚಯದ ಮೆಕ್ಯಾನಿಕ್ ನೋಡಿ, "ಮಾಸ್ಟರ್ ಸಿಲಿಂಡರ್ ಹೋಗಿದೆ ಸಾರ್" ಅಂದರು. ಈ ಗಾಡಿಯ ಕ್ಲಚ್ ಬ್ರೇಕ್ ಆಯಿಲ್ ಒತ್ತಡದಿಂದ ಕೆಲಸ ಮಾಡುತ್ತದೆ, ಪೆಡಲ್ ತುಳಿದಾಗ ಆ ಆಯಿಲನ್ನು ಪೈಪಿಗೆ ತಳ್ಳುವುದು ಮಾಸ್ಟರ್. ಹೊಸದು ಹಾಕಿದೆವು. ಇಡೀ ಸಂಜೆ ಪೈಪಿನೊಳಗಿನ ಏರ್ ತೆಗೆದೆವು. ಬೆಳಿಗ್ಗೆ ನೋಡಿದರೆ ಪೆಡಲ್ ಮತ್ತೆ ಮೆತ್ತಗೆ. ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಇಳಿದಿದೆ, ಹೊರಗೆ ಮಾತ್ರ ಒಂದು ಹನಿಯೂ ಇಲ್ಲ.

ಪೈಪಿನ ಇನ್ನೊಂದು ತುದಿಯಲ್ಲಿ ಆ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವುದು ಸ್ಲೇವ್ ಸಿಲಿಂಡರ್. ಈ ಗಾಡಿಯಲ್ಲಿ ಅದು ಹೊರಗೆ ಕಾಣುವುದಿಲ್ಲ. ಬೆಲ್ ಹೌಸಿಂಗ್ (ಕ್ಲಚ್ ಮುಚ್ಚುವ ಗೇರ್‌ಬಾಕ್ಸಿನ ಕವಚ) ಒಳಗೆ, ಇನ್‌ಪುಟ್ ಶಾಫ್ಟ್ ಸುತ್ತ ಬಳೆಯ ಹಾಗೆ ಕೂತು ರಿಲೀಸ್ ಬೇರಿಂಗನ್ನು ತಳ್ಳುತ್ತದೆ. ಸೋರಿದರೆ ಒಳಗೇ ಸೋರುತ್ತದೆ. ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಸಂದಿಯ ಕೆಳಭಾಗ ಮುಟ್ಟಿ ನೋಡಿ. ಗೇರ್ ಆಯಿಲ್ ಆದರೆ ಮಂದ, ಗಂಧಕದ ಘಾಟು. ಬ್ರೇಕ್ ಆಯಿಲ್ ತೆಳು, ನೀರು ಬಿಟ್ಟರೆ ಬೆರೆತು ತೊಳೆದುಹೋಗುತ್ತದೆ. ಎರಡು ನಿಮಿಷದ ಈ ಪರೀಕ್ಷೆಯನ್ನು ನಾನು ಮಾಸ್ಟರ್ ಸಿಲಿಂಡರ್‌ಗೆ ದುಡ್ಡು ತೆತ್ತ ಮೇಲೆ ಮಾಡಿದೆ.

ಗೇರ್‌ಬಾಕ್ಸ್ ಇಳಿಸಿ ಹೊಸ ಸ್ಲೇವ್ ಕೂರಿಸಿದೆವು. ಇಲ್ಲಿ ಇನ್ನೊಂದು ತಪ್ಪು. ಗೇರ್‌ಬಾಕ್ಸ್ ಇನ್ನೂ ಜಾಕ್ ಮೇಲಿರುವಾಗಲೇ ಪೈಪ್ ಸಿಕ್ಕಿಸಿ, ಕೆಲಸ ಮಾಡುತ್ತದಾ ನೋಡೋಣವೆಂದು ಪೆಡಲ್ ಒತ್ತಿಬಿಟ್ಟೆ. ಎದುರಿಗೆ ಪ್ರೆಷರ್ ಪ್ಲೇಟ್ (ಕ್ಲಚ್ ಡಿಸ್ಕನ್ನು ಒತ್ತಿಹಿಡಿಯುವ ತಟ್ಟೆ) ಇಲ್ಲದಿದ್ದರೆ ಸ್ಲೇವ್ ಪಿಸ್ಟನ್ ತಡೆಯುವವರು ಯಾರೂ ಇಲ್ಲ. ತನ್ನ ಮಿತಿ ದಾಟಿ ಹೊರಬಂದು ಸೀಲ್ ಹರಿಯಿತು. ಹೊಚ್ಚ ಹೊಸ ಸಾಮಾನು ಹತ್ತು ಸೆಕೆಂಡಿನಲ್ಲಿ ಕಸ. ಗೇರ್‌ಬಾಕ್ಸಿನ ಎಲ್ಲ ಬೋಲ್ಟ್ ಬಿಗಿಯಾಗುವವರೆಗೆ ಪೆಡಲ್ ಹತ್ತಿರ ಯಾರನ್ನೂ ಬಿಡಬೇಡಿ, ಮಕ್ಕಳನ್ನಂತೂ ಶೆಡ್ಡಿಗೇ ಸೇರಿಸಬೇಡಿ.

ಶಾಫ್ಟಿನ ಕಥೆ ಇದಕ್ಕಿಂತ ದುಬಾರಿ. ಬಲಗಡೆಯದರ ಬೂಟ್ (ಜಾಯಿಂಟ್ ಮುಚ್ಚುವ ರಬ್ಬರ್ ಚೀಲ) ಹರಿದು ಜಾಯಿಂಟ್ ಸವೆದಿತ್ತು. ಬೆಂಗಳೂರಿನ ಒಂದು ಅಂಗಡಿಯವರು "ನಿಮ್ಮ ಗಾಡಿದೇ, ಕಣ್ಣು ಮುಚ್ಚಿಕೊಂಡು ಹಾಕಿ" ಎಂದು ಕೊಟ್ಟರು, ಹಳೇದನ್ನು ಎಕ್ಸ್‌ಚೇಂಜ್‌ಗೆ ಇಟ್ಟುಕೊಂಡರು. ಎರಡೂ ತುದಿಯ ಹಲ್ಲುಗಳು ಸರಿಯಾಗಿ ಕೂತವು, ಚಕ್ರದ ನಡುವಿನ ಹಬ್ ನಟ್ಟೂ ಬಿಗಿಯಾಯಿತು. ಸ್ಟ್ಯಾಂಡ್ ಮೇಲೆ ಚಕ್ರ ಸಲೀಸಾಗಿ ತಿರುಗಿತು. ಗಾಡಿ ನೆಲಕ್ಕಿಳಿಸಿ ಮೊದಲ ಹಂಪ್ ಹತ್ತಿಸಿದಾಗ ಒಳಗಿಂದ ದಡ್ ಎಂದು ಏಟು ಬಿತ್ತು. ಮೂರು ದಿನದಲ್ಲಿ ಶಾಫ್ಟ್ ಗೇರ್‌ಬಾಕ್ಸ್ ಸೇರುವಲ್ಲಿನ ಡಿಫರೆನ್ಷಿಯಲ್ ಸೀಲಿನಿಂದ ಎಣ್ಣೆ ಇಳಿಯತೊಡಗಿತು. ಬಿಚ್ಚಿ, ಇನ್ನೊಬ್ಬರ ಐಕಾನ್‌ನ ಶಾಫ್ಟ್ ಪಕ್ಕದಲ್ಲಿಟ್ಟು ಅಳೆದೆ: ನನ್ನದು 9 ಮಿಲಿಮೀಟರ್ ಹೆಚ್ಚು ಉದ್ದ. ಗೇರ್‌ಬಾಕ್ಸ್ ಕಡೆಯ ಒಳಜಾಯಿಂಟ್ ಸಸ್ಪೆನ್ಷನ್ ಜೊತೆ ಹಿಂದೆ ಮುಂದೆ ಆಡಬೇಕು. ಅದಕ್ಕೆ ಜಾಗವಿಲ್ಲದೆ ಪ್ರತಿ ಗುಂಡಿಯ ಏಟೂ ನೇರ ಗೇರ್‌ಬಾಕ್ಸಿಗೆ ಹೋಗಿತ್ತು.

ಹಾಗಾಗಿ ಹಳೇ ಶಾಫ್ಟನ್ನು ಗಾಡಿ ಓಡುವವರೆಗೆ ಕೈಬಿಡಬೇಡಿ, ಎಷ್ಟೇ ರಿಯಾಯಿತಿ ಕೊಡಲಿ. ಹಳೇದು, ಹೊಸದು ಎರಡನ್ನೂ ಜಾಯಿಂಟ್ ಪೂರ್ತಿ ಒಳಗೆ ತಳ್ಳಿದ ಸ್ಥಿತಿಯಲ್ಲಿ ಅಳೆಯಿರಿ, ಹಲ್ಲು ಎಣಿಸಿ. ಶಾಫ್ಟನ್ನು ಗೇರ್‌ಬಾಕ್ಸಿನೊಳಗೆ ಹಿಡಿದಿಡುವ ಲಾಕ್ ಕೂತಿದೆಯೇ ನೋಡಲು ಒಳಜಾಯಿಂಟಿನ ಬಟ್ಟಲನ್ನು ಹಿಡಿದು ಎಳೆಯಿರಿ. ರಾಡನ್ನೇ ಎಳೆದರೆ ಬೂಟಿನೊಳಗೆ ಜಾಯಿಂಟ್ ಕಳಚಿಕೊಳ್ಳಬಹುದು. ಹಬ್ ನಟ್ ಪೂರ್ತಿ ಟಾರ್ಕ್ (ನಿಗದಿತ ಬಿಗಿತ) ಆಗದೆ ಗಾಡಿಯನ್ನು ಚಕ್ರದ ಮೇಲೆ ಉರುಳಿಸಲೇಬೇಡಿ, ವೀಲ್ ಬೇರಿಂಗ್ ಹೋಗುತ್ತದೆ.

ಅಂಗಡಿಯವರು ಹಳೇ ಶಾಫ್ಟ್ ಗುಜರಿಗೆ ಹೋಯಿತು ಅಂತಾರೆ. ಗಾಡಿ ಮತ್ತೆ ಸ್ಟ್ಯಾಂಡ್ ಮೇಲಿದೆ. ಪೆಟ್ರೋಲ್ 1.6ರ ಬಲಗಡೆ ಶಾಫ್ಟ್ ಯಾರ ಬಳಿಯಾದರೂ ಇದ್ದರೆ, ಅಳತೆ ಸಮೇತ ತಿಳಿಸಿ.