ದೂರದ ಕಾರು ಪ್ರಯಾಣಕ್ಕೆ ಬಾಯಾಟವೋ, ಬೋರ್ಡ್ ಆಟವೋ, ಮೊಬೈಲೋ?

ಕಾರಿನಲ್ಲಿ ಹೊತ್ತು ಕಳೆಯಲು ಆಟ ಆರಿಸುವಾಗ ಮೊದಲು ನೋಡಬೇಕಾದದ್ದು ಖರ್ಚನ್ನಲ್ಲ, ಮಕ್ಕಳ ಹೊಟ್ಟೆಯನ್ನು. ಕಣ್ಣು ಪರದೆಯಲ್ಲೇ ನೆಟ್ಟು, ಒಳಕಿವಿ ಮಾತ್ರ ಚಲನೆಯನ್ನು ಗುರುತಿಸಿದಾಗ ವಾಕರಿಕೆ ಬರುತ್ತದೆ; 2ರಿಂದ 12 ವರ್ಷದವರಿಗೆ ಈ ಕಾಟ ಹೆಚ್ಚು. ಹಾಗಾಗಿ ತಿರುವುಗಳ ದಾರಿಯಲ್ಲಿ ಮೊಬೈಲೂ ಬೇಡ, ಬೋರ್ಡೂ ಬೇಡ. ಅಲ್ಲಿಗೆ ಬಾಯಾಟವೇ ಸರಿ: ಒಬ್ಬರು ಒಂದು ವಸ್ತುವನ್ನು ನೆನೆಸಿಕೊಳ್ಳುತ್ತಾರೆ, ಉಳಿದವರು ಹೌದು-ಅಲ್ಲ ಎಂಬ ಉತ್ತರದ 20 ಪ್ರಶ್ನೆಗಳಲ್ಲಿ ಅದನ್ನು ಕಂಡುಹಿಡಿಯಬೇಕು. ಕಣ್ಣು ಕಿಟಕಿಯಾಚೆಗೇ ಇರುತ್ತದೆ, ಕಾಸಿನ ಖರ್ಚಿಲ್ಲ. ದಟ್ಟಣೆಯಲ್ಲಿ ಮಾತ್ರ ಚಾಲಕರನ್ನು ಆಟಕ್ಕೆ ಎಳೆಯಬೇಡಿ.

ನೇರ ಹೆದ್ದಾರಿ, ಹಿಂದಿನ ಸೀಟಿನಲ್ಲಿ ದೊಡ್ಡ ಮಕ್ಕಳಿಬ್ಬರು ಎಂದಾದರೆ ಅಯಸ್ಕಾಂತದ ಚದುರಂಗ ಒಳ್ಳೆಯದು. ಕಾರು ಕುಲುಕಿದರೂ ಕಾಯಿ ಉರುಳುವುದಿಲ್ಲ. ಪುಟ್ಟ ಮಕ್ಕಳಿದ್ದರೆ ಅದನ್ನು ತರಲೇಬೇಡಿ, ಅಯಸ್ಕಾಂತ ನುಂಗಿದರೆ ಜೀವಕ್ಕೇ ಅಪಾಯ.

ಕತ್ತಲಾಗಿ ಬೋರ್ಡ್ ಕಾಣದೆ, ಮಾತೂ ಸಾಕಾದಾಗ ಮೊಬೈಲ್ ಕೊಡಿ, ಸದ್ದು ತಗ್ಗಿಸಿ.